ಮೈಲೇಜಿನ ಮಾಯೆ

2009ರಲ್ಲಿ ಊರಿಗೆ ಹೋದಾಗಲೆಲ್ಲ ಭಾವನದು ಒಂದೇ ವರಾತ: "ಥಾಣೆಯಿಂದ ಫೋರ್ಟಿಗೆ ದಿನಾ ಓಡಾಟ, ಒಂದು ನ್ಯಾನೋ ತಗೊಳ್ಳಬಾರದೇ?" ಲೀಟರಿಗೆ 23.6 ಕಿ.ಮೀ. ಅಂತೆ! ಅದು ಪರೀಕ್ಷೆಯ ಲೆಕ್ಕ ಸ್ವಾಮಿ, ಸಿಗ್ನಲಿನಲ್ಲಿ ನಿಂತ ಗಾಡಿಯದ್ದಲ್ಲ. ಆ 34 ಕಿ.ಮೀ.ಗೆ 1853ರಿಂದಲೇ ರೈಲಿದೆ. ನೂಕಾಟ ಇದ್ದದ್ದೇ. ಆದರೆ ಒಬ್ಬನನ್ನು ಮೇಜಿಗೆ ಮುಟ್ಟಿಸಲು 600 ಕಿಲೋ ಕಬ್ಬಿಣ ಎಳೆಯಬೇಕೆ? ಫೋರ್ಟಿನಲ್ಲಿ ಅದನ್ನು ನಿಲ್ಲಿಸುವುದೆಲ್ಲಿ?

ನಮಗಿಲ್ಲಿ ಚಳಿಯ ಭಯವಿಲ್ಲ, ಮಳೆಯದ್ದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿ.ಮೀ. ಸುರಿದಾಗ ಲೋಕಲ್ಲೂ ನಿಂತಿತು, ನಿಜ. ನಾವು ಇಳಿದು ನಡೆದೆವು. ಕಾರಿನೊಳಗೇ ಸಿಕ್ಕಿ ಜೀವ ಬಿಟ್ಟವರೂ ಉಂಟು.

ಭಾನುವಾರ ಸಂಸಾರ ಸಮೇತ ತಿರುಗಲು ಪುಟ್ಟ ಕಾರು ಚೆನ್ನ, ಬೇಡ ಅನ್ನೋಲ್ಲ. ನ್ಯಾನೋ ತಯಾರಿಕೆ 2018ರಲ್ಲಿ ನಿಂತಿತು, ಉಪದೇಶ ನಿಂತಿಲ್ಲ. ಈಗ ಸಾಲ ಮಾಡಿ ಕಾರು ಕೊಳ್ಳೆಂದು ಅಳಿಯನ ಬೆನ್ನು ಹತ್ತಿದ್ದಾರೆ. ಮೈಲೇಜು ಕೇಳುವವರು, ಹುಡುಗ ರಾತ್ರಿ ಎಷ್ಟು ಗಂಟೆಗೆ ಮನೆ ಸೇರುತ್ತಾನೆಂದೂ ಕೇಳಲಿ.