ದಿನಕ್ಕೆ 50 ರೂಪಾಯಿ ಫೈನು ಅಂದ್ರೆ ಬಡ್ಡಿ ಎಷ್ಟು?

ಎಂ-3 ಪಾಸ್ ಮಾಡೋಕೆ ಒದ್ದಾಡೋ ನಮಗೆಲ್ಲ ಒಂದು ಸಣ್ಣ ಲೆಕ್ಕ. ಶಾಲೆಯಲ್ಲಿ 10,000 ರೂಪಾಯಿ ಕಂತು ಬಾಕಿ ಇದೆ, ತಡವಾದರೆ ದಿನಕ್ಕೆ 50 ರೂಪಾಯಿ ಫೈನು ಅಂತಿಟ್ಕೊಳ್ಳಿ. ಕೇಳೋಕೆ ಒಂದು ದೋಸೆ ದುಡ್ಡು. ಆದ್ರೆ ತಿಂಗಳಿಗೆ 1,500 ಆಯ್ತು. ಅಂದ್ರೆ ತಿಂಗಳಿಗೆ ಶೇ. 15, ವರ್ಷಕ್ಕೆ ಶೇ. 180 ಬಡ್ಡಿ! ಇದಕ್ಕೂ ಮೀಟರ್ ಬಡ್ಡಿಗೂ ಏನು ವ್ಯತ್ಯಾಸ?

ನಮ್ಮ ತಮ್ಮ-ತಂಗಿಯರು ಓದೋ ಕೆಜಿಎಫ್, ಬಂಗಾರಪೇಟೆ ಕಡೆಯ ಖಾಸಗಿ ಶಾಲೆಗಳಿಗೆ ಫೀಸು ಕಟ್ಟೋರು ಯಾರು? 2001ರ ಫೆಬ್ರವರಿ 28ಕ್ಕೆ ಬಿಜಿಎಂಎಲ್ ಗಣಿ ಮುಚ್ಚಿತು. ಈಗ ಸಾವಿರಾರು ಮಂದಿ ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋಗ್ತಾರೆ. ಸುತ್ತಲ ಹಳ್ಳಿಯವರು ಹಾಲಿನ ಬಟವಾಡೆಯನ್ನೋ ಟೊಮೆಟೊ ರೇಟನ್ನೋ ನಂಬಿದವರು. ಇವರ ಕೈಗೆ ದುಡ್ಡು ಬರೋ ದಿನ ಒಂದು, ಶಾಲೆಯ ಕೊನೇ ದಿನಾಂಕ ಇನ್ನೊಂದು. ತಡವಾಗೋದು ಹೆಚ್ಚಾಗಿ ಅದಕ್ಕೇ, ಸೋಮಾರಿತನಕ್ಕಲ್ಲ.

ಶಾಲೆಯವರ ಕಷ್ಟಾನೂ ನಿಜ. ಫೀಸು ಬರದಿದ್ರೆ ಮೇಷ್ಟ್ರಿಗೆ ಸಂಬಳ ಎಲ್ಲಿಂದ ಕೊಡೋದು? ಆದರೆ ಫೈನು ಹಾಕಿದ್ರೆ ಜನ ಬೇಗ ಕಟ್ತಾರಾ? ಇಸ್ರೇಲಿನ ಹೈಫಾದ ಶಿಶುವಿಹಾರಗಳಲ್ಲಿ, ಸಂಜೆ ಮಗುವನ್ನು ಕರೆದೊಯ್ಯೋಕೆ ತಡವಾಗಿ ಬರೋ ಪೋಷಕರಿಗೆ ಫೈನು ಹಾಕಿ ನೋಡಿದ್ರು. 2000ದಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡದ್ದು ಉಲ್ಟಾ: ತಡವಾಗಿ ಬರೋರು ಇನ್ನೂ ಜಾಸ್ತಿಯಾದ್ರು. ದುಡ್ಡು ಕೊಡ್ತೀವಲ್ಲ, ಇನ್ನೇನು ಅನ್ನೋ ಧೋರಣೆ. ದುಡ್ಡಿದ್ದೋರಿಗೆ ಫೈನು ಬರೀ ಒಂದು ರೇಟು. ಇಲ್ಲದೋರಿಗೆ ಸಾಲದ ಮೇಲೆ ಸಾಲ.

ಫೈನೇ ಬೇಡ ಅಂತಲ್ಲ. ದಿನದ ಲೆಕ್ಕ ಬಿಟ್ಟು ಒಂದೇ ಸಲದ ಸಣ್ಣ ಮೊತ್ತ ಇಡಲಿ. ಕೊನೇ ದಿನಾಂಕ ಸಂಬಳ ಬಂದ ಮೇಲೆ, ಅಂದ್ರೆ 10ನೇ ತಾರೀಕಿನ ನಂತರ ಇರಲಿ. ದೊಡ್ಡ ಕಂತನ್ನು ತಿಂಗಳ ಕಂತುಗಳಾಗಿ ಒಡೆಯಲಿ. ಕಟ್ಟಿದ ದುಡ್ಡು ಮೊದಲು ಫೀಸಿಗೆ ಹೋಗಲಿ, ಆಮೇಲೆ ಫೈನಿಗೆ. ಮುಖ್ಯವಾಗಿ, ಮಗುವನ್ನು ತರಗತಿಯಲ್ಲಿ ಎದ್ದು ನಿಲ್ಲಿಸೋದು ನಿಲ್ಲಲಿ. ಕೋವಿಡ್ ವರ್ಷದ ಫೀಸಿನ ಬಗ್ಗೆ ರಾಜಸ್ಥಾನದ ಖಾಸಗಿ ಶಾಲೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಮೇ 3ರಂದು ಹೇಳಿದ್ದೂ ಅದೇ ದಿಕ್ಕಿನ ಮಾತು: ಫೀಸು ಬಾಕಿ ಅಂತ ಪಾಠದಿಂದ ಹೊರಗಿಡಬೇಡಿ.

ನಾವೇನು ಮಾಡಬಹುದು? ಮನೆಯಲ್ಲಿ ಅರ್ಜಿ ಬರೆಯೋಕೆ ಬರೋದು ಬಹಳ ಸಲ ನಮಗೊಬ್ಬರಿಗೇ. ಗಡುವು ಮುಗಿಯೋಕೆ ಮುಂಚೆಯೇ ಯಾವ ದಿನ ಎಷ್ಟು ಕಟ್ತೀವಿ ಅಂತ ಬರೆದು ಕೊಡಿ, ನಕಲಿಗೆ ಸೀಲು ಹಾಕಿಸ್ಕೊಳ್ಳಿ. ರಸೀದಿಯಲ್ಲಿ ಫೀಸು, ಫೈನು ಬೇರೆ ಬೇರೆ ತೋರಿಸಿ ಅಂತ ಕೇಳಿ. ಪೋಷಕರ ಸಭೆಗೆ ಅಪ್ಪ-ಅಮ್ಮನ ಜೊತೆ ನೀವೂ ಹೋಗಿ, ಆ 180ರ ಲೆಕ್ಕ ಬೋರ್ಡ್ ಮೇಲೆ ಬರೆದು ತೋರಿಸಿ.