‘ಪಾರ್ಟ್ ಇಲ್ಲ’ ಅಂದ್ರೆ ಬರೆದು ಕೊಡು ಅನ್ರಿ

ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಕನ್ನಡದ ಹುಡುಗರೇ, ಈ ಮಾತು ಮೊಬೈಲ್ ಬಗ್ಗೆ. ಟ್ರ್ಯಾಕ್ಟರ್ ಬಗ್ಗೆನೂ ಹೌದು.

ಡಿಸ್‌ಪ್ಲೇ ಒಡೀತು ಅಂದ್ರೆ ಬಜಾರದ ರಿಪೇರಿ ಹುಡುಗ “ಒರಿಜಿನಲ್ ಬರಂಗಿಲ್ಲ, ಡೂಪ್ಲಿಕೇಟ್ ಹಾಕ್ಲೇನು?” ಅಂತಾನ. ಅವನ ತಪ್ಪಿಲ್ಲ. ಅಸಲಿ ಪಾರ್ಟ್ ಅವನ ಕೈಗೇ ಬರಲ್ಲ. ಸರ್ವಿಸ್ ಸೆಂಟರ್ ಅಂತ ಹೈದರಾಬಾದಿಗೆ ಹೋದ್ರೆ ಒಂದು ದಿನದ ಕೂಲಿ ಹೋಯ್ತು, ಬಸ್ಸಿನ ರೊಕ್ಕ ಬೇರೆ. ಕಡೀಗೆ ಅಲ್ಲಿಯೂ “ಹೊಸದೇ ತಗೊಳ್ರಿ” ಅಂತಾರ.

ಇದನ್ನ ನಸೀಬು ಅನ್ನಬೇಡಿ, ಇದು ವ್ಯಾಪಾರದ ಲೆಕ್ಕ. ಇಂಥದೇ ಲೆಕ್ಕ ಒಮ್ಮೆ ಸಿಕ್ಕಿಬಿದ್ದದ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ರಿಪೇರಿ ಕೈಪಿಡಿ, ದೋಷ ಪತ್ತೆ ಮಾಡೋ ಉಪಕರಣ ಹೊರಗಿನ ಗ್ಯಾರೇಜಿಗೆ ಸಿಗದಂಗ ಮಾಡಿದ್ದೇ ತಪ್ಪು. ಪಟ್ಟಿಯಲ್ಲಿ ಮಾರುತಿ, ಟಾಟಾ ಇದ್ದವು. ನಮ್ಮ ಜಹೀರಾಬಾದಿನಲ್ಲೇ ಟ್ರ್ಯಾಕ್ಟರ್ ಕಾರ್ಖಾನೆ ಇರೋ ಮಹೀಂದ್ರಾನೂ ಇತ್ತು.

ದೊಡ್ಡ ಮೊತ್ತ ಅನಿಸ್ತದಲ್ಲ? ಅದು ವಹಿವಾಟಿನ 2% ಮಾತ್ರ. ಕಾನೂನಿನಲ್ಲಿ 10%ವರೆಗೂ ಹಾಕಬಹುದಿತ್ತು. ಅದೂ ಉಳೀಲಿಲ್ಲ. 2016ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಮೂರು ಕಂಪನಿಗಳ ತಪ್ಪು ಖರೇ ಅಂತ ಒಪ್ಪಿಕೊಂಡೇ, ದಂಡವನ್ನ ಬಿಡಿಭಾಗದ ವಹಿವಾಟಿಗಷ್ಟೇ ಲೆಕ್ಕ ಹಾಕಿ ಇಳಿಸಿತು. ಇನ್ನು ಸುಳ್ಳು ಜಾಹೀರಾತಿನ ಕಥೆ ನೋಡ್ರಿ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲ ಸಲಕ್ಕೆ ಗರಿಷ್ಠ ದಂಡ 10 ಲಕ್ಷ. ಜಾಹೀರಾತಿಗೇ ಕೋಟಿ ಸುರಿಯೋರಿಗೆ ಇದು ಚಹಾದ ಖರ್ಚು.

ರಿಪೇರಿ ಹಕ್ಕಿಗಾಗಿ ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಸಮಿತಿ ಮಾಡಿತು. ಮೊಬೈಲ್, ಮನೆಯ ಉಪಕರಣ, ವಾಹನ, ಕೃಷಿ ಯಂತ್ರ ನಾಲ್ಕೂ ಅದರೊಳಗ ಬಂದವು. ಅದೇ ಡಿಸೆಂಬರಿಗೆ ಪೋರ್ಟಲ್ ಬಂತು. ಪೋರ್ಟಲ್ ಒಳ್ಳೇದೇ, ಆದ್ರೆ ಪಾರ್ಟ್ ಕೊಡದ ಕಂಪನಿಗೆ ದಂಡ ಹಾಕೋ ಪ್ರತ್ಯೇಕ ಕಾನೂನು ಎಲ್ಲಿ? ನಮ್ಮ ಸಂಸದರನ್ನ, ಶಾಸಕರನ್ನ ಇದನ್ನೇ ಕೇಳಬೇಕು. ಪಾರ್ಟ್ ಸಿಗದಿದ್ರೆ ಬಜಾರದಾಗ ಅಂಗಡಿ ಇಟ್ಟ ನಮ್ಮ ಹುಡುಗರ ಹೊಟ್ಟೆಪಾಡೂ ಹೋಗ್ತದ.

ಅಲ್ಲಿತನಕ ಇರೋದನ್ನ ಬಳಸ್ರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಹಚ್ಚಿ ಕನ್ನಡದಾಗೇ ದೂರು ಹೇಳಬಹುದು. (ತೆಲಂಗಾಣದಾಗ ಕೂತು ಕನ್ನಡದಾಗ ದೂರು ಕೊಡೋ ಅವಕಾಶ ನಮಗೆ ಬೇರೆ ಎಲ್ಲಿ ಸಿಗ್ತದ?) ಬಗೆಹರೀಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕ ಆಯೋಗ ಅದ. ಕಂಪನಿ ಆಫೀಸು ಮುಂಬೈದಾಗ ಇರ್ಲಿ, ದೆಹಲಿಯಾಗ ಇರ್ಲಿ, ನೀವಿರೋ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ. 2 ವರ್ಷದೊಳಗ ಹಾಕಬೇಕು ಅಷ್ಟೇ. ಬಿಲ್ ಜೋಪಾನ ಇಡ್ರಿ. ‘ಪಾರ್ಟ್ ಇಲ್ಲ’ ಅಂತ ಬಾಯಿಮಾತಿನಲ್ಲಿ ಹೇಳಿದ್ರೆ ಎದ್ದು ಬರಬೇಡಿ, ಜಾಬ್ ಶೀಟಿನ ಮೇಲೆ ಬರೆಸಿಕೊಂಡು ಸಹಿ ತಗೊಂಡೇ ಬರ್ರಿ.