ಜಡ್ಡು ಬಿದ್ದರ ದಂಡ ಯಾಕ?



2025ರ ನವೆಂಬರ್‌ನಾಗ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕುಂತ್ರು, ಸರ್ಕಾರ ಬಗ್ಗಿತು, ಟನ್ ಕಬ್ಬಿಗೆ 3,300 ರೂಪಾಯಿ ಅಂತ ತೀರ್ಮಾನ ಆತು. ಒಳ್ಳೇದಾತು. ಆದರ ಆ ಟನ್ ಕಬ್ಬನ್ನ ಕಡಿದು, ಹೊರಿ ಕಟ್ಟಿ, ತಲಿ ಮ್ಯಾಲ ಹೊತ್ತು ಟ್ರ್ಯಾಕ್ಟರಿಗೆ ಏರಿಸೋ ಹೆಣ್ಣುಮಗಳಿಗೆ ಜ್ವರ ಬಂದ ದಿನ ಏನು ಸಿಗತೈತಿ ಅಂತ ಆ ಗದ್ದಲದೊಳಗ ಯಾರಾದರೂ ಕೇಳಿದ್ದು ನನ್ನ ಕಿವಿಗಂತೂ ಬೀಳಲಿಲ್ಲ.

ನಾನು ಆಫೀಸಿನ ಗುಮಾಸ್ತ. ಜಡ್ಡಾದರ ಡಾಕ್ಟರ ಚೀಟಿ ಹಚ್ಚಿ ಅರ್ಜಿ ಕೊಡತೀನಿ, ಪಗಾರ ಬರತೈತಿ. ನಮ್ಮ ಸತ್ತಿ ಹೊಲದಾಗ ಕಬ್ಬು ಕಡಿಯೋ ಗಂಡ-ಹೆಂಡತಿ ಜೋಡಿಗೆ ಸೂಟಿ ಅನ್ನೋ ಮಾತೇ ಇಲ್ಲ. ಹಂಗಾಮಿಗಿಂತ ಮೊದಲೇ ಮುಕಾದಮ ಮುಂಗಡ ಕೊಟ್ಟಿರತಾನ. ಜೋಡಿಯೊಳಗ ಒಬ್ಬರು ಮಲಗಿದರ ಕೂಲಿ ಹೋತು, ಸಾಲ ಹಂಗ ಉಳೀತು, ಎಷ್ಟೋ ಗ್ಯಾಂಗಿನಾಗ ಮ್ಯಾಲೊಂದು ದಂಡ ಬ್ಯಾರೆ! ಹೀಂಗ ಕಡಿಯೋರು ಯಾರು? ಭೂಮಿ ಇಲ್ಲದ ದಲಿತರು, ಲಂಬಾಣಿಗಳು, ಅಲೆಮಾರಿಗಳು.

2019ರಾಗ ಮಹಾರಾಷ್ಟ್ರ ಸರ್ಕಾರದ ಸಮಿತಿ ಬೀಡ್ ಜಿಲ್ಲೆಯ 82 ಸಾವಿರ ಕಬ್ಬು ಕಡಿಯೋ ಹೆಣ್ಣುಮಕ್ಕಳನ್ನ ವಿಚಾರಿಸಿದಾಗ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿದ್ದು ಗೊತ್ತಾತು. ಹೊಟ್ಟಿನೋವಿಗೆ ಎರಡು ದಿನ ಮಲಗೋ ಹಕ್ಕಿಲ್ಲದವರು ಅಂಗಾನೇ ಕತ್ತರಿಸಿಕೊಂಡ್ರು. ಆ ಜಿಲ್ಲೆಯ ಗ್ಯಾಂಗುಗಳು ನಮ್ಮ ಬೆಳಗಾವಿ ಜಿಲ್ಲೆಯ ಹೊಲಕ್ಕೂ ಬರತಾವ. ಅದು ಅವರ ಕತಿ ಅಂತ ಕೈ ತೊಳಕೊಳ್ಳಾಕ ಬರಂಗಿಲ್ಲ.

ಇನ್ನು ಕಾಯ್ದೆ ನೋಡ್ರಿ. ಬಾಬಾಸಾಹೇಬರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ, 1944ರಲ್ಲಿ, ಕಾರ್ಮಿಕರ ಆರೋಗ್ಯ ವಿಮೆಯ ಆದರ್ಕರ್ ವರದಿ ಬಂತು. ಅದರಿಂದ 1948ರ ಇಎಸ್‌ಐ ಕಾಯ್ದೆ ಹುಟ್ಟಿತು. ವಿಮೆ ಇದ್ದ ಕಾರ್ಮಿಕ ಜಡ್ಡು ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಪಗಾರದ ಶೇ. 70 ಸಿಗುತ್ತದೆ. ಆದರೆ ‘ಸೀಸನಲ್ ಕಾರ್ಖಾನೆ’ಗೆ ಇದು ಅನ್ವಯಿಸುವುದಿಲ್ಲ, ಆ ಪಟ್ಟಿಯೊಳಗ ಸಕ್ಕರಿನೂ ಐತಿ, ಬೆಲ್ಲಾನೂ ಐತಿ! 2025ರ ನವೆಂಬರ್ 21ರಂದು ಜಾರಿ ಮಾಡಿದ ಹೊಸ ಸಂಹಿತೆಯೂ ಆ ಬಾಗಿಲು ಹಂಗ ಮುಚ್ಚಿ ಇಟ್ಟೈತಿ. ಹೊಲದಾಗ ಕಡಿಯೋರಂತೂ ಕಾರ್ಖಾನಿ ಹಾಜರಿ ಪುಸ್ತಕದಾಗೇ ಇಲ್ಲ. ಕೇಳಿದರ ಮುಕಾದಮನ ಕಡೆ ಬೊಟ್ಟು ಮಾಡತಾರ.

“ಆಯುಷ್ಮಾನ್ ಕಾರ್ಡ್ ಐತಲ್ರಿ, ಐದು ಲಕ್ಷದ್ದು” ಅಂತ ಕೆಲವರು ಕಮೆಂಟ್ ಹಾಕತಾರ. ಸ್ವಾಮಿ, ಅದು ದವಾಖಾನಿ ಬಿಲ್ ಕಟ್ಟೋದು. ಮಲಗಿದ ದಿನದ ಕೂಲಿ ಕೊಡತೈತೇನು? ಗುಡಿಸಲಿನಾಗ ಅವತ್ತು ಒಲಿ ಹೊತ್ತಸತೈತೇನು?

ಮಹಾರಾಷ್ಟ್ರದಾಗ ಕಬ್ಬು ಕಡಿಯೋರ ಕಲ್ಯಾಣ ಮಹಾಮಂಡಳಕ್ಕ ಕಾರ್ಖಾನಿಗಳಿಂದ ಟನ್ನಿಗೆ 10 ರೂಪಾಯಿ ಅಂತ ಮಾಡ್ಯಾರ. ನಮ್ಮ ಕಾರ್ಖಾನಿಗಳಿಂದಲೂ ವಸೂಲು ಮಾಡ್ರಿ, ರೈತರ ಬಿಲ್ಲಿನಾಗಿಂದ ಮುರಕೊಳ್ಳದೆ. ಆ ರೊಕ್ಕದಾಗ ಜಡ್ಡಿನ ದಿನದ ಕೂಲಿ, ಬಾಣಂತನದ ಕೂಲಿ ಕೊಡ್ರಿ. ದಂಡ ಹಾಕೋ ಮುಕಾದಮನ ಮ್ಯಾಲೆ ಕೇಸ್ ಮಾಡ್ರಿ.

ಅಥಣಿ, ಕಾಗವಾಡ, ರಾಯಬಾಗ ಗೆಳೆಯರೆ, ಈ ಹಂಗಾಮಿನಾಗ ಗ್ಯಾಂಗ್ ಇಳಿದ ಜಾಗಕ್ಕ ಹೋಗಿ, ಎಷ್ಟು ದಿನ ಜಡ್ಡು, ಎಷ್ಟು ದಂಡ ಅಂತ ಬರಕೊಂಡು ಬರ್ರಿ. ಹೆಸರು ಹೊರಗ ಹಾಕಬ್ಯಾಡ್ರಿ, ಅವರ ಕೆಲಸ ಹೋದೀತು. ಕಾರ್ಮಿಕ ಇಲಾಖೆಗೆ ಅರ್ಜಿ ನಾ ಬರೀತೀನಿ, ಅದು ನನ್ನ ದಿನದ ಕೆಲಸಾನ ಐತಿ.

ಜೈಭೀಮ್.